ಒಬ್ಬರೇ ಶಿಮ್ಲಾಕ್ಕೆ: ಕಲಬುರಗಿಯಿಂದ ರೈಲಿನಲ್ಲಿ ಹೋಗಿ, ವಿಮಾನದಲ್ಲಿ ಬರುವುದು ಹೇಗೆ?

"ಒಬ್ಬರೇ ಹೋಗಬಹುದಾ? ಯಾವ ಟಿಕೆಟ್ ಮೊದಲು ಮಾಡಿಸಬೇಕು? ದಿಲ್ಲಿಯಲ್ಲಿ ಗಾಡಿ ಬದಲಿಸೋದು ಹೇಗೆ? ವಿಮಾನ ಎಲ್ಲಿಂದ ಹತ್ತಬೇಕು?" ಬಿಸಿಲು ಏರತೊಡಗಿದರೆ ಸಾಕು, ಕಲಬುರಗಿ, ಯಾದಗಿರಿ, ಬೀದರ್ ಕಡೆಯ ಓದುಗರಿಂದ ಇವೇ ಪ್ರಶ್ನೆಗಳು ಬರುತ್ತವೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಹೇಳುವ ದಾರಿ ಇದು. ಹೋಗುವಾಗ ರೈಲು: ಕಲಬುರಗಿಯಿಂದ ನವದೆಹಲಿ, ಅಲ್ಲಿಂದ ಬೆಟ್ಟದ ಬುಡದ ಕಾಲ್ಕಾ, ಕಾಲ್ಕಾದಿಂದ ಶಿಮ್ಲಾಕ್ಕೆ ಬೆಟ್ಟ ಹತ್ತುವ ಪುಟ್ಟ ರೈಲು, ಅಂದರೆ ಟಾಯ್ ಟ್ರೈನ್. ಬರುವಾಗ ಚಂಡೀಗಢದಿಂದ ಹೈದರಾಬಾದ್‌ಗೆ ವಿಮಾನ, ಅಲ್ಲಿಂದ ಬಸ್ಸು ಅಥವಾ ರೈಲಿನಲ್ಲಿ ಊರು. ಹೋಗುವಾಗ ಹುಮ್ಮಸ್ಸು ಇರುತ್ತದೆ, ಕಿಟಕಿಯ ಹೊರಗೆ ದೇಶ ಬದಲಾಗುವುದನ್ನು ನೋಡುತ್ತಾ ಕೂರಬಹುದು. ಬರುವಾಗ ಮೈ ದಣಿದಿರುತ್ತದೆ, ಬಟ್ಟೆ ಮಾಸಿರುತ್ತದೆ, ಮಾತಿಗೆ ಜೊತೆಯೂ ಇರುವುದಿಲ್ಲ. ಆಗ ಮತ್ತೆ ಒಂದು ಇಡೀ ದಿನ ರೈಲಿನಲ್ಲಿ ಕೂರುವುದು ಬೇಡ ಅನಿಸುತ್ತದೆ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಒಬ್ಬರೇ ಮಾಡುವ ಪ್ರಯಾಣ ಕೆಡುವುದು ಹೆಚ್ಚಾಗಿ ಒಂದು ಗಾಡಿ ಇಳಿದು ಇನ್ನೊಂದು ಹತ್ತುವ ನಡುವಿನ ಹೊತ್ತಿನಲ್ಲಿ. ಜೊತೆಗೆ ಯಾರಾದರೂ ಇದ್ದರೆ ಒಬ್ಬರು ಬ್ಯಾಗ್ ಕಾಯುತ್ತಾರೆ, ಇನ್ನೊಬ್ಬರು ಓಡಾಡಿ ವಿಚಾರಿಸುತ್ತಾರೆ. ಒಬ್ಬರೇ ಇದ್ದಾಗ ಎರಡೂ ನಿಮ್ಮದೇ ಕೆಲಸ. ಹಾಗಾಗಿ ಕೆಳಗಿನ ಎಲ್ಲ ಹಂತಗಳಲ್ಲೂ ನಾನು ಹೆಚ್ಚು ಒತ್ತಿ ಹೇಳುವುದು ಈ ಕೊಂಡಿಗಳ ಬಗ್ಗೆಯೇ.

1. ತಿಂಗಳು ಆರಿಸಿ, ದಿನ ಎಣಿಸಿ

ಮಾರ್ಚ್ ಕೊನೆಯಿಂದ ಜೂನ್ ನಡುವಿನವರೆಗೆ, ಆಮೇಲೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಹೋಗಲು ಚೆನ್ನ. ಮೊದಲ ಸಲ ಹೋಗುವವರಿಗೆ ನಾನು ಅಕ್ಟೋಬರ್ ಹೇಳುತ್ತೇನೆ. ಆಕಾಶ ತಿಳಿಯಾಗಿರುತ್ತದೆ, ದೂರದ ಹಿಮದ ಸಾಲು ಕಾಣುವ ಸಾಧ್ಯತೆ ಜಾಸ್ತಿ, ಮೇ ತಿಂಗಳ ಜನಜಂಗುಳಿ ಇರುವುದಿಲ್ಲ.

ಜುಲೈ, ಆಗಸ್ಟ್ ಬೇಡ. ಆ ಬೆಟ್ಟಗಳಲ್ಲಿ ಮಳೆಗೆ ಮಣ್ಣು ಕುಸಿಯುತ್ತದೆ. 2023ರ ಆಗಸ್ಟ್‌ನಲ್ಲಿ ಶಿಮ್ಲಾ ಹತ್ತಿರದ ಸಮ್ಮರ್ ಹಿಲ್ ಬಳಿ ಹಳಿಯ ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿ, ಬರೀ ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ಆ ದಾರಿಯಲ್ಲಿ ಹಲವು ವಾರ ರೈಲು ಓಡಲಿಲ್ಲ.

ಡಿಸೆಂಬರ್ ಕೊನೆ, ಜನವರಿಯಲ್ಲಿ ಹಿಮ ನೋಡಬೇಕು ಅನ್ನುವವರು ಮಂಜಿನ ಲೆಕ್ಕ ಹಾಕಿಕೊಳ್ಳಿ. ನಮ್ಮ ಕಡೆ ಬೆಳಗಿನ ಮಂಜು ಬಿಸಿಲು ಬಂದ ಕೂಡಲೇ ಕರಗುತ್ತದೆ. ಆಗ್ರಾ, ಮಥುರಾ, ದಿಲ್ಲಿ ಕಡೆ ಹಾಗಲ್ಲ. ರೈಲುಗಳು ಗಂಟೆಗಟ್ಟಲೆ ತಡವಾಗುತ್ತವೆ, ವಿಮಾನಗಳೂ ನಿಂತುಬಿಡುತ್ತವೆ. ಒಂದು ಜನವರಿಯಲ್ಲಿ ನಾನು ದಿಲ್ಲಿಯಲ್ಲಿ ಎರಡು ರೈಲುಗಳ ನಡುವೆ ಬರೀ ಮೂರು ಗಂಟೆ ಇಟ್ಟುಕೊಂಡಿದ್ದೆ. ಮೊದಲ ರೈಲು ಏಳು ಗಂಟೆ ತಡವಾಯಿತು. ಮುಂದಿನ ಎರಡು ಟಿಕೆಟ್ ಮತ್ತು ಹೋಟೆಲ್‌ನ ಒಂದು ರಾತ್ರಿಯ ದುಡ್ಡು ಹೋಯಿತು.

ಒಟ್ಟು ಎಂಟು ದಿನ ಇಟ್ಟುಕೊಳ್ಳಿ. ಮೊದಲ ದಿನ ಬೆಳಗಿನ ಜಾವ ಕಲಬುರಗಿಯಲ್ಲಿ ಹತ್ತುವುದು. ಎರಡನೇ ದಿನ ದಿಲ್ಲಿ ಮುಟ್ಟಿ ವಿಶ್ರಾಂತಿ. ಮೂರನೇ ದಿನ ಕಾಲ್ಕಾ ಮೇಲಿಂದ ಶಿಮ್ಲಾ. ನಾಲ್ಕು, ಐದು, ಆರು ಬೆಟ್ಟದಲ್ಲಿ. ಏಳನೇ ದಿನ ಚಂಡೀಗಢಕ್ಕೆ ಇಳಿದು ಅಲ್ಲೇ ಮಲಗುವುದು. ಎಂಟನೇ ದಿನ ವಿಮಾನ ಮತ್ತು ಊರು. "ಆರು ದಿನದಲ್ಲಿ ಮುಗಿಸಲು ಆಗಲ್ವಾ?" ಎಂದು ಕೇಳುವವರಿದ್ದಾರೆ. ಆಗುತ್ತದೆ. ಆದರೆ ಹಾಗೆ ಉಳಿಸುವುದು ದಿಲ್ಲಿಯ ಮತ್ತು ಚಂಡೀಗಢದ ರಾತ್ರಿಗಳನ್ನೇ. ಮೇಲೆ ಹೇಳಿದ ಕೊಂಡಿಗಳು ಅವೇ.

2. ಟಿಕೆಟ್: ಚಿಕ್ಕ ರೈಲಿನದು ಮೊದಲು

ರೈಲಿನ ಮುಂಗಡ ಬುಕಿಂಗ್ ಈಗ 60 ದಿನ ಮೊದಲು ತೆರೆಯುತ್ತದೆ. ಹಿಂದೆ 120 ದಿನ ಇತ್ತು, 2024ರ ನವೆಂಬರ್ 1ರಿಂದ ಇಳಿಸಿದ್ದಾರೆ. ಬೆಳಗ್ಗೆ 8ಕ್ಕೆ ಬುಕಿಂಗ್ ಶುರು. ರೈಲು ಟಿಕೆಟ್ ಆನ್‌ಲೈನ್‌ನಲ್ಲಿ ಮಾಡಿಸುವ ನಿಮ್ಮ ಐಆರ್‌ಸಿಟಿಸಿ ಖಾತೆಗೆ ಆಧಾರ್ ಜೋಡಿಸಿ ದೃಢೀಕರಣ ಮುಗಿಸಿ ಇಟ್ಟುಕೊಳ್ಳಿ. ಆನ್‌ಲೈನ್ ತತ್ಕಾಲ್ ಟಿಕೆಟ್‌ಗೆ 2025ರ ಜುಲೈನಿಂದ ಇದು ಕಡ್ಡಾಯ. ತತ್ಕಾಲ್ ಅಂದರೆ ಗಾಡಿ ಹೊರಡುವ ಹಿಂದಿನ ದಿನ, ಹೆಚ್ಚಿನ ದರಕ್ಕೆ ಸಿಗುವ ಸೀಟು. ಎಸಿಗೆ ಬೆಳಗ್ಗೆ 10ಕ್ಕೆ, ಸ್ಲೀಪರ್‌ಗೆ 11ಕ್ಕೆ ತೆರೆಯುತ್ತದೆ. ಅದನ್ನು ನಂಬಿ ಇಷ್ಟು ದೂರದ ಪ್ರಯಾಣ ಹೂಡಬೇಡಿ.

ಬಹಳ ಜನ ಮಾಡುವ ತಪ್ಪು, ದೊಡ್ಡ ರೈಲಿನ ಟಿಕೆಟ್ ಮೊದಲು ಮಾಡಿಸುವುದು. ಕಾಲ್ಕಾ–ಶಿಮ್ಲಾ ಗಾಡಿಗೆ ಇರುವುದೇ ಕೆಲವು ಪುಟ್ಟ ಡಬ್ಬಿ. ಸೀಟು ಬೇಗ ತುಂಬುತ್ತವೆ. ಅದಕ್ಕೇ ಮೊದಲು ಅದರ ಸೀಟು ಯಾವ ದಿನ ಸಿಗುತ್ತದೆ ನೋಡಿ, ಆ ದಿನಕ್ಕೆ ಉಳಿದದ್ದನ್ನು ಹೊಂದಿಸಿ. ದಿಲ್ಲಿಯಿಂದ ಹುಡುಕಿದರೆ ಶಿಮ್ಲಾಕ್ಕೆ ನೇರ ರೈಲು ಸಿಗುವುದಿಲ್ಲ. ನವದೆಹಲಿಯಿಂದ ಕಾಲ್ಕಾ ಒಂದು ಟಿಕೆಟ್, ಕಾಲ್ಕಾದಿಂದ ಶಿಮ್ಲಾ ಇನ್ನೊಂದು ಟಿಕೆಟ್. ಬೆಳಗಿನ ಕಾಲ್ಕಾ ಶತಾಬ್ದಿ ನವದೆಹಲಿಯಿಂದ ಹೊರಟು ಮಧ್ಯಾಹ್ನದ ಹೊತ್ತಿಗೆ ಕಾಲ್ಕಾ ಮುಟ್ಟುತ್ತದೆ. ಅದಾದ ಸ್ವಲ್ಪ ಹೊತ್ತಿಗೆ ಹಿಮಾಲಯನ್ ಕ್ವೀನ್ ಎಂಬ ಟಾಯ್ ಟ್ರೈನ್ ಹೊರಡುತ್ತದೆ. ಈ ಜೋಡಿಯೇ ಅನುಕೂಲ. ನೀವು ಹೋಗುವ ದಿನದ ಸಮಯವನ್ನು ಬುಕ್ ಮಾಡುವಾಗ ನೋಡಿಕೊಳ್ಳಿ, ವೇಳಾಪಟ್ಟಿ ಆಗಾಗ ಬದಲಾಗುತ್ತದೆ.

ಎರಡೂ ಟಿಕೆಟ್‌ಗಳನ್ನು ಕನೆಕ್ಟಿಂಗ್ ಪ್ರಯಾಣವಾಗಿ ಜೋಡಿಸುವ ಸೌಲಭ್ಯ 2019ರಿಂದ ಇದೆ. ಪಿಎನ್‌ಆರ್ ಅಂದರೆ ಟಿಕೆಟ್ ಮೇಲಿನ 10 ಅಂಕಿಯ ಸಂಖ್ಯೆ. ಮೊದಲ ಪಿಎನ್‌ಆರ್ ಹಿಡಿದು ಎರಡನೆಯದನ್ನು ಬುಕ್ ಮಾಡಿದರೆ, ಮೊದಲ ರೈಲು ತಡವಾಗಿ ಎರಡನೆಯದು ತಪ್ಪಿದಾಗ ಅದರ ಹಣ ವಾಪಸ್ ಕೇಳಬಹುದು. ಎರಡರಲ್ಲೂ ಹೆಸರು, ವಯಸ್ಸು ಅಕ್ಷರ ತಪ್ಪದೆ ಒಂದೇ ಇರಬೇಕು. ಮೊದಲ ರೈಲು ನಿಜವಾಗಿ ಮುಟ್ಟಿದ ಮೂರು ಗಂಟೆಯೊಳಗೆ ಕೇಳಬೇಕು. ಇದನ್ನು ಯಾರೂ ತಾವಾಗಿ ಹೇಳಿಕೊಡುವುದಿಲ್ಲ, ನೆನಪಿಟ್ಟುಕೊಳ್ಳಿ.

ಆಮೇಲೆ ಕಲಬುರಗಿಯಿಂದ ನವದೆಹಲಿ. ಬೆಂಗಳೂರಿನಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ಯಾದಗಿರಿ, ವಾಡಿ, ಕಲಬುರಗಿ ಮೇಲೆ ಹಾದು ಮರುದಿನ ಬೆಳಗ್ಗೆ ನವದೆಹಲಿ ಮುಟ್ಟುತ್ತದೆ. ಸುಮಾರು 1,800 ಕಿ.ಮೀ. ದಾರಿ. ಎರಡು ಎಚ್ಚರ ಬೇಕು. ಒಂದು, ಈ ಗಾಡಿ ಬೆಂಗಳೂರು ಬಿಡುವುದು ಹಿಂದಿನ ದಿನ ಸಂಜೆ, ನಮ್ಮ ಊರಿಗೆ ಬರುವುದು ಬೆಳಗಿನ ಜಾವ. ಟಿಕೆಟ್‌ನಲ್ಲಿ ಹಾಕಬೇಕಾದದ್ದು ನೀವು ಹತ್ತುವ ನಿಲ್ದಾಣಕ್ಕೆ ಗಾಡಿ ಬರುವ ತಾರೀಖು. ಇಲ್ಲೇ ಒಂದು ದಿನ ಹೆಚ್ಚು ಕಮ್ಮಿ ಮಾಡಿಕೊಂಡವರು ಬಹಳ ಜನ. ಎರಡು, ನಡುವಿನ ನಿಲ್ದಾಣಗಳಿಗೆ ಸೀಟಿನ ಪಾಲು ಕಡಿಮೆ ಇರುತ್ತದೆ. ನಮ್ಮ ಕಡೆಯಿಂದ ವೇಟಿಂಗ್ ಲಿಸ್ಟ್ ಸಿಕ್ಕರೆ ಅದು ಬೆಂಗಳೂರಿನ ವೇಟಿಂಗ್‌ನಷ್ಟು ಸುಲಭವಾಗಿ ಕನ್‌ಫರ್ಮ್ ಆಗುವುದಿಲ್ಲ. ಚಾರ್ಟ್, ಅಂದರೆ ಗಾಡಿ ಹೊರಡುವ ಮೊದಲಿನ ಕೊನೆಯ ಸೀಟು ಪಟ್ಟಿ, ಆದ ಮೇಲೂ ವೇಟಿಂಗ್‌ನಲ್ಲೇ ಉಳಿದರೆ ಇ-ಟಿಕೆಟ್ ತಾನಾಗಿ ರದ್ದಾಗುತ್ತದೆ. ಆರ್‌ಎಸಿ ಬಂದರೆ ಹತ್ತಬಹುದು, ಆದರೆ ಪಕ್ಕದ ಸಾಲಿನ ಕೆಳ ಬರ್ತನ್ನು ಇನ್ನೊಬ್ಬರ ಜೊತೆ ಹಂಚಿಕೊಂಡು ಕೂರಬೇಕು.

ಯಾವ ಕ್ಲಾಸ್? ಏಪ್ರಿಲ್, ಮೇನಲ್ಲಿ ಹೋಗುವವರು ತ್ರೀ ಟಯರ್ ಎಸಿಗೇ ಹೋಗಿ. ಸೊಲ್ಲಾಪುರದಿಂದ ಭುಸಾವಳ ದಾಟುವ ತನಕ ಹಗಲು. ಆ ಬಿಸಿಗಾಳಿ ಸ್ಲೀಪರ್ ಡಬ್ಬಿಯಲ್ಲಿ ಮುಖಕ್ಕೆ ಹೊಡೆಯುತ್ತದೆ. ಅಕ್ಟೋಬರ್‌ನಲ್ಲಿ ಸ್ಲೀಪರ್ ಸಾಕು, ಆದರೆ ಅದರಲ್ಲಿ ಹೊದಿಕೆ ಕೊಡುವುದಿಲ್ಲ. ಒಂದು ಚಾದರ್ ಒಯ್ಯಿರಿ.

45 ದಾಟಿದ ಹೆಣ್ಣುಮಕ್ಕಳಿಗೆ ಮತ್ತು 60 ದಾಟಿದ ಗಂಡಸರಿಗೆ ಕೆಳ ಬರ್ತ್ ಕೋಟಾ ಇದೆ. ಒಬ್ಬರೇ ಹೋಗುವಾಗ ಇದು ಸಿಗುವುದು ಸಲೀಸು. ಬುಕ್ ಮಾಡುವಾಗ ಆ ಕೋಟಾ ಆರಿಸಿ ನೋಡಿ.

ವಿಮಾನದ ಟಿಕೆಟ್ ಎಲ್ಲಕ್ಕಿಂತ ಕೊನೆಗೆ. ರೈಲು ಕನ್‌ಫರ್ಮ್ ಆಗುವ ಮೊದಲೇ ಅಗ್ಗಕ್ಕೆ ಸಿಕ್ಕಿತೆಂದು ತೆಗೆದುಕೊಂಡರೆ, ದಿನ ಬದಲಾದಾಗ ರದ್ದು ಮಾಡುವ ಶುಲ್ಕವೇ ಟಿಕೆಟ್‌ನ ಹತ್ತಿರ ಹೋಗುತ್ತದೆ.

3. ಹೆಸರು ಮತ್ತು ಗುರುತಿನ ಚೀಟಿ

ನಮ್ಮ ಕಡೆಯವರಿಗೆ ಇದು ನಿಜವಾದ ತಲೆನೋವು. ಆಧಾರ್‌ನಲ್ಲಿ ಒಂದು ಥರ, ಮತದಾರರ ಚೀಟಿಯಲ್ಲಿ ಇನ್ನೊಂದು ಥರ. ಒಂದರಲ್ಲಿ ತಂದೆಯ ಹೆಸರು ಪೂರ್ತಿ, ಇನ್ನೊಂದರಲ್ಲಿ ಬರೀ ಇನಿಶಿಯಲ್. ವಿಮಾನದ ಟಿಕೆಟ್‌ನಲ್ಲಿ ಮೊದಲ ಹೆಸರು, ಕೊನೆಯ ಹೆಸರು ಎಂದು ಎರಡು ಖಾನೆ ಇರುತ್ತವೆ. ಯಾವ ಚೀಟಿ ತೋರಿಸುತ್ತೀರೋ ಅದರಲ್ಲಿ ಇರುವ ಹಾಗೇ ತುಂಬಿ. ಮನೆಯಲ್ಲಿ ಕರೆಯುವ ಹೆಸರು, ಮೊಟಕು ಹೆಸರು ಬೇಡ. ಏಜೆಂಟ್ ಹತ್ತಿರ ಮಾಡಿಸಿದರೆ ದುಡ್ಡು ಕೊಡುವ ಮೊದಲು ಸ್ಕ್ರೀನ್ ಮೇಲೆ ಹೆಸರು ಓದಿ ನೋಡಿ.

ಮೂಲ ಚೀಟಿಯನ್ನೇ ಒಯ್ಯಿರಿ. ಅದರ ಒಂದು ಝೆರಾಕ್ಸ್ ಬೇರೆ ಬ್ಯಾಗಿನಲ್ಲಿರಲಿ.

4. ಬ್ಯಾಗ್ ಕಟ್ಟುವುದು

ಅಳತೆ ಇಷ್ಟೇ: ಎಲ್ಲ ಸಾಮಾನು ಹೊತ್ತುಕೊಂಡು ಮೂರು ಮಹಡಿ ಮೆಟ್ಟಿಲು ನಿಲ್ಲದೆ ಹತ್ತಲು ಆಗಬೇಕು. ಮನೆಯಲ್ಲೇ ಹತ್ತಿ ನೋಡಿ. ಆಗದಿದ್ದರೆ ಬ್ಯಾಗ್ ದೊಡ್ಡದಾಯಿತು ಎಂದೇ ಅರ್ಥ. ಶಿಮ್ಲಾದಲ್ಲಿ ಗಾಲಿಯ ಸೂಟ್‌ಕೇಸ್ ಎಳೆಯಲು ಸಮತಟ್ಟು ಜಾಗವೇ ಕಡಿಮೆ. ಬೆನ್ನಿಗೆ ಹಾಕುವ ಒಂದು ಬ್ಯಾಗ್, ಎದೆಗೆ ಅಡ್ಡ ಹಾಕುವ ಒಂದು ಚಿಕ್ಕ ಚೀಲ ಸಾಕು. ಚಿಕ್ಕ ಚೀಲದಲ್ಲಿ ಫೋನ್, ಚೀಟಿ, ಸ್ವಲ್ಪ ದುಡ್ಡು, ಔಷಧಿ. ಅದು ಮೈಮೇಲಿಂದ ಇಳಿಯಬಾರದು, ಟಾಯ್ಲೆಟ್‌ಗೆ ಹೋದಾಗಲೂ.

ದಪ್ಪ ಕೋಟು ಒಂದು ಒಯ್ಯುವ ಬದಲು ತೆಳು ಬಟ್ಟೆ ಮೂರು ಪದರ ಒಯ್ಯಿರಿ. ಒಳಗೆ ಬನಿಯನ್ನಿನಂಥದು, ಮೇಲೆ ಸ್ವೆಟರ್, ಅದರ ಮೇಲೆ ಗಾಳಿ ತಡೆಯುವ ಜಾಕೆಟ್. ಹತ್ತುವಾಗ ಬೆವರು ಬರುತ್ತದೆ, ನಿಂತ ಕೂಡಲೇ ಚಳಿ ಹಿಡಿಯುತ್ತದೆ. ಸ್ವೆಟರ್ ಬ್ಯಾಗಿನ ತಳದಲ್ಲಿ ಇಡಬೇಡಿ. ಟಾಯ್ ಟ್ರೈನ್‌ನಲ್ಲೇ ಬೇಕಾಗುತ್ತದೆ.

ಊಟದ ವಿಷಯದಲ್ಲಿ ನಮ್ಮ ಭಾಗದವರು ಪುಣ್ಯವಂತರು. ಖಡಕ್ ರೊಟ್ಟಿಯಷ್ಟು ಪ್ರಯಾಣಕ್ಕೆ ಹೊಂದುವ ಊಟ ಇನ್ನೊಂದಿಲ್ಲ. ಅದನ್ನು ಇಡುವ ರೀತಿ ಮಾತ್ರ ಗೊತ್ತಿರಬೇಕು. ರೊಟ್ಟಿ ಪೂರ್ತಿ ಆರಿದ ಮೇಲೆ, ಅಗಲವಾದ ಸ್ಟೀಲ್ ಡಬ್ಬಿಯ ತಳಕ್ಕೆ ಒಗೆದ ಹತ್ತಿ ಬಟ್ಟೆ ಹಾಸಿ, ಒಂದರ ಮೇಲೊಂದು ಇಟ್ಟು, ಮೇಲೆ ಉಳಿದ ಸಂದಿಗೂ ಬಟ್ಟೆಯನ್ನೇ ತುರುಕಿ. ಅಲುಗಾಡಲು ಜಾಗ ಇರದಿದ್ದರೆ ಮುರಿಯುವುದಿಲ್ಲ. ಜೊತೆಗೆ ಶೇಂಗಾ ಹಿಂಡಿ, ಅಗಸಿ ಹಿಂಡಿ. ರೈಲಿನಲ್ಲಿ ಮೊಸರಿನ ಒಂದು ಕಪ್ ಕೊಂಡರೆ ಊಟ ಆಯಿತು. ಪಲ್ಯ ಮೊದಲ ಹೊತ್ತಿಗೆ ಮಾತ್ರ. ಬೇಸಿಗೆಯಲ್ಲಿ ಸಂಜೆಗೇ ಹಳಸುತ್ತದೆ.

5. ರೈಲಿನ ಒಂದು ಹಗಲು, ಒಂದು ರಾತ್ರಿ

ಬೀದರ್‌ನವರು ಹಿಂದಿನ ದಿನವೇ ಕಲಬುರಗಿಗೆ ಬಂದು ಉಳಿದುಕೊಳ್ಳಿ. 2017ರಲ್ಲಿ ಬೀದರ್–ಕಲಬುರಗಿ ರೈಲು ದಾರಿ ಶುರುವಾದ ಮೇಲೆ ಬಸ್ಸಿನ ಜೊತೆ ರೈಲೂ ಇದೆ. ಆದರೆ ಬೆಳಗಿನ ಜಾವದ ಗಾಡಿಗೆ ಅದೇ ರಾತ್ರಿ ಹೊರಟು ಬರುವುದು ಬೇಡ. ಯಾದಗಿರಿಯವರಿಗೆ ಈ ಚಿಂತೆ ಇಲ್ಲ, ಗಾಡಿ ಅಲ್ಲೇ ನಿಲ್ಲುತ್ತದೆ.

ಹತ್ತುವ ಹೊತ್ತಿಗೆ ಡಬ್ಬಿಯಲ್ಲಿ ಎಲ್ಲರೂ ಮಲಗಿರುತ್ತಾರೆ, ದೀಪ ಆರಿರುತ್ತದೆ. ನಿಮ್ಮ ಬರ್ತ್‌ನಲ್ಲಿ ಯಾರಾದರೂ ಮಲಗಿದ್ದರೆ ಜಗಳಕ್ಕೆ ಇಳಿಯಬೇಡಿ. ನಂಬರ್ ತೋರಿಸಿ, ಆಗದಿದ್ದರೆ ಟಿಕೆಟ್ ನೋಡುವ ಟಿಟಿಇಯನ್ನು ಕರೆಯಿರಿ. ಬ್ಯಾಗನ್ನು ಕೆಳ ಬರ್ತಿನ ಅಡಿಯಲ್ಲಿರುವ ಕೊಂಡಿಗೆ ಸರಪಳಿ ಹಾಕಿ ಬೀಗ ಹಾಕಿ. ಸರಪಳಿ ಊರಲ್ಲೇ ಕೊಂಡರೆ ಚೆನ್ನ.

ಒಬ್ಬರೇ ಇರುವವರಿಗೆ ನಾನು ಮೇಲಿನ ಬರ್ತ್ ಹೇಳುತ್ತೇನೆ. ಹಗಲಲ್ಲೂ ಬೇಕೆಂದಾಗ ಹತ್ತಿ ಮಲಗಬಹುದು, ಯಾರೂ ಎಬ್ಬಿಸುವುದಿಲ್ಲ. ನಡುವಿನ ಬರ್ತನ್ನು ಬಿಡಿಸಿಡಬಹುದಾದದ್ದು ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಾತ್ರ. ಮಂಡಿ ನೋವು ಇದ್ದವರು ಕೆಳಗಿನದೇ ತೆಗೆದುಕೊಳ್ಳಿ.

ಪಕ್ಕದವರ ಜೊತೆ ಮಾತಾಡಿ. ಟಾಯ್ಲೆಟ್‌ಗೆ ಹೋಗುವಾಗ ಒಂದು ಕಣ್ಣು ಇಡಿ ಅನ್ನಲು ಒಂದು ಸಂಸಾರದ ಪರಿಚಯ ಸಾಕು. ಎಲ್ಲಿ ಇಳಿಯುತ್ತೀರಿ, ಯಾವ ಹೋಟೆಲ್, ಒಬ್ಬರೇನಾ ಎಂದು ಜಾಸ್ತಿ ವಿಚಾರಿಸುವವರಿಗೆ ಮಾತ್ರ "ದಿಲ್ಲಿಯಲ್ಲಿ ಅಣ್ಣ ಬರ್ತಾನೆ" ಎಂದು ಹೇಳಿ ಸುಮ್ಮನಾಗಿ. ಪರಿಚಯ ಇಲ್ಲದವರು ಕೊಟ್ಟ ಚಹಾ, ಬಿಸ್ಕತ್ತು ಬೇಡ. ಏನೇ ತೊಂದರೆ ಆದರೂ ರೈಲ್ವೆಯ 139ಕ್ಕೆ ಕರೆ ಮಾಡಿ. ಹೆಣ್ಣುಮಕ್ಕಳಿಗೆ ಒಂದು ಮಾತು: ಒಬ್ಬರೇ ಹೋಗುವವರ ರಕ್ಷಣೆಗೆ ರೈಲ್ವೆ ರಕ್ಷಣಾ ಪಡೆ 2020ರಿಂದ 'ಮೇರಿ ಸಹೇಲಿ' ಎಂಬ ತಂಡಗಳನ್ನು ಇಟ್ಟಿದೆ. ಸಮವಸ್ತ್ರದ ಮಹಿಳಾ ಸಿಬ್ಬಂದಿ ಬಂದು ಸೀಟ್ ನಂಬರ್ ಕೇಳಿದರೆ ಗಾಬರಿ ಬೇಡ.

ಸೊಲ್ಲಾಪುರ, ದೌಂಡ್, ಮನ್ಮಾಡ್, ಭುಸಾವಳ ಹೀಗೆ ಹಗಲು ಸಾಗುತ್ತದೆ. ಇಟಾರ್ಸಿ, ಭೋಪಾಲ್ ನಿದ್ದೆಯಲ್ಲಿ ಹೋಗುತ್ತವೆ. ಬೆಳಗ್ಗೆ ಗ್ವಾಲಿಯರ್ ದಾಟಿದ ಮೇಲೆ ಎದ್ದು ಕಿಟಕಿ ಹಿಡಿಯಿರಿ. ಮೊರೇನಾದಿಂದ ಧೋಲ್‌ಪುರದ ನಡುವೆ ಚಂಬಲ್ ನದಿಯ ಆಚೆ ಈಚೆ ಮಣ್ಣು ಕೊರೆದು ಆದ ಕಂದಕಗಳು ಕಾಣುತ್ತವೆ. ನಮ್ಮ ಎರೆ ಹೊಲ ನೋಡಿ ಬೆಳೆದ ಕಣ್ಣಿಗೆ ಅದು ಬೇರೆಯದೇ ನೆಲ.

6. ದಿಲ್ಲಿ: ಇಲ್ಲಿ ಅವಸರ ಬೇಡ

ದಿಲ್ಲಿಯಲ್ಲಿ ದೊಡ್ಡ ನಿಲ್ದಾಣಗಳು ಹಲವು. ನವದೆಹಲಿ ಬೇರೆ, ಹಳೆ ದಿಲ್ಲಿ ಬೇರೆ, ಹಜ್ರತ್ ನಿಜಾಮುದ್ದೀನ್ ಬೇರೆ, ಆನಂದ್ ವಿಹಾರ್ ಬೇರೆ. ನಿಮ್ಮ ಎರಡೂ ಟಿಕೆಟ್‌ನಲ್ಲಿ ನವದೆಹಲಿ ಎಂದೇ ಇದೆಯಾ, ಇನ್ನೊಮ್ಮೆ ನೋಡಿ.

ನವದೆಹಲಿ ನಿಲ್ದಾಣಕ್ಕೆ ಎರಡು ಬಾಗಿಲು. ಒಂದನೇ ಪ್ಲಾಟ್‌ಫಾರಂ ಕಡೆ ಪಹಾಡ್‌ಗಂಜ್, ಹದಿನಾರನೇ ಪ್ಲಾಟ್‌ಫಾರಂ ಕಡೆ ಅಜ್ಮೇರಿ ಗೇಟ್. ಮೆಟ್ರೊ ಇರುವುದು ಅಜ್ಮೇರಿ ಗೇಟ್ ಕಡೆ. ತಪ್ಪು ಕಡೆ ಹೊರಬಿದ್ದರೆ ಬ್ಯಾಗ್ ಹೊತ್ತು ಸುತ್ತಿ ಬರಬೇಕಾಗುತ್ತದೆ.

ಹೊರಗೆ ಕಾಲಿಟ್ಟ ಕೂಡಲೇ ಯಾರಾದರೂ ಬಂದು "ನಿಮ್ಮ ರೈಲು ರದ್ದಾಗಿದೆ", "ಈ ಟಿಕೆಟ್ ನಡೆಯೋದಿಲ್ಲ, ಟೂರಿಸ್ಟ್ ಆಫೀಸಿಗೆ ಬನ್ನಿ" ಅನ್ನಬಹುದು. ಇದು ಆ ನಿಲ್ದಾಣದ ಹಳೆಯ ಮೋಸ. ನಿಲ್ಲದೆ ನಡೆಯಿರಿ. ರೈಲಿನ ಸ್ಥಿತಿಯನ್ನು ಫೋನ್‌ನಲ್ಲಿ ಅಥವಾ ನಿಲ್ದಾಣದ ಒಳಗಿನ ವಿಚಾರಣೆ ಕೌಂಟರ್‌ನಲ್ಲಿ ಮಾತ್ರ ನೋಡಿ. ಆಟೋ ಬೇಕಿದ್ದರೆ ಪ್ರೀಪೇಯ್ಡ್ ಬೂತ್, ಅಂದರೆ ಮೊದಲೇ ದುಡ್ಡು ಕಟ್ಟಿ ಚೀಟಿ ಪಡೆಯುವ ಕಟ್ಟೆ.

ನಮ್ಮ ಭಾಗದವರಿಗೆ ಇಲ್ಲೊಂದು ಅನುಕೂಲ ಇದೆ. ಕಲಬುರಗಿ, ಬೀದರ್ ಪೇಟೆಯಲ್ಲಿ ಓಡಾಡಿದವರಿಗೆ ಹಿಂದಿ ಹೊಸದಲ್ಲ. ನಮ್ಮ ದಖನಿ ಧಾಟಿಯಲ್ಲೇ ಧೈರ್ಯವಾಗಿ ಮಾತಾಡಿ, ಅರ್ಥ ಆಗುತ್ತದೆ.

ಉಳಿಯಲು ನಿಲ್ದಾಣದ ರಿಟೈರಿಂಗ್ ರೂಮನ್ನು ಮೊದಲು ನೋಡಿ. ಇದು ಪ್ರಯಾಣಿಕರಿಗೆಂದೇ ರೈಲ್ವೆ ಇಟ್ಟಿರುವ ಕೋಣೆ. ಕನ್‌ಫರ್ಮ್ ಆದ ಪಿಎನ್‌ಆರ್ ಇದ್ದರೆ ಆನ್‌ಲೈನ್‌ನಲ್ಲೇ ಬುಕ್ ಮಾಡಬಹುದು. ಸಿಗದಿದ್ದರೆ ನಿಲ್ದಾಣಕ್ಕೆ ನಡೆದು ಹೋಗುವಷ್ಟು ದೂರದ ಹೋಟೆಲ್. ಬ್ಯಾಗ್ ಇಟ್ಟು ಊರು ನೋಡಬೇಕಿದ್ದರೆ ಕ್ಲೋಕ್ ರೂಮ್ ಇದೆ. ಬೀಗ ಹಾಕಿದ ಬ್ಯಾಗ್ ಮಾತ್ರ ತೆಗೆದುಕೊಳ್ಳುತ್ತಾರೆ. ಸಂಜೆ ಬೇಗ ಮಲಗಿ, ಶತಾಬ್ದಿ ಬೆಳಗ್ಗೆಯೇ ಹೊರಡುತ್ತದೆ.

7. ಕಾಲ್ಕಾದಿಂದ ಮೇಲಕ್ಕೆ

ಕಾಲ್ಕಾದಲ್ಲಿ ನಿಲ್ದಾಣ ಬದಲಿಸುವ ಗೋಳಿಲ್ಲ. ಚಿಕ್ಕ ಹಳಿಯ ಪ್ಲಾಟ್‌ಫಾರಂ ಅಲ್ಲೇ ಇದೆ. ಶತಾಬ್ದಿ ಇಳಿದವರೆಲ್ಲ ಅತ್ತಲೇ ನಡೆಯುತ್ತಾರೆ, ಹಿಂದೆ ಹೋದರೆ ಆಯಿತು. ಮೊದಲು ಟಾಯ್ಲೆಟ್ ಮುಗಿಸಿ, ನೀರು ತುಂಬಿಸಿ, ಆಮೇಲೆ ಹತ್ತಿ.

ಈ ದಾರಿಗೆ ರೈಲು ಬಂದದ್ದು 1903ರ ನವೆಂಬರ್‌ನಲ್ಲಿ. ಹಳಿಯ ಅಗಲ ಎರಡೂವರೆ ಅಡಿ ಮಾತ್ರ. 96 ಕಿ.ಮೀ. ದೂರ, 102 ಸುರಂಗ. ಸುಮಾರು 656 ಮೀಟರ್ ಎತ್ತರದ ಕಾಲ್ಕಾದಿಂದ 2,000 ಮೀಟರ್ ದಾಟಿದ ಶಿಮ್ಲಾಕ್ಕೆ ಐದು ಗಂಟೆಯ ಮೇಲೆ ಹಿಡಿಯುತ್ತದೆ. 2008ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಬಸ್ಸಿನಲ್ಲಿ ಇದಕ್ಕಿಂತ ಬೇಗ ಹೋಗಬಹುದು. ಆದರೆ ಬಸ್ಸಿನಲ್ಲಿ ಹೋದರೆ ಬೆಟ್ಟ ಹತ್ತಿದ್ದು ಹೊಟ್ಟೆಗೆ ಗೊತ್ತಾಗುತ್ತದೆ, ರೈಲಿನಲ್ಲಿ ಕಣ್ಣಿಗೆ ಗೊತ್ತಾಗುತ್ತದೆ.

ಬಡೋಗ್ ಬಂದಾಗ ಎಚ್ಚರವಾಗಿರಿ. ಇಲ್ಲಿಯ 33ನೇ ಸುರಂಗ ಎಲ್ಲಕ್ಕಿಂತ ಉದ್ದ, ಒಂದು ಕಿಲೋಮೀಟರ್‌ಗೂ ಜಾಸ್ತಿ. ನೆಟ್ಟಗೆ ಕೊರೆದಿದ್ದಾರೆ. ಕತ್ತಲೆಯಲ್ಲಿ ಗಾಡಿ ನಿಧಾನವಾಗಿ ಸಾಗುತ್ತದೆ, ಡಬ್ಬಿಯ ದೀಪದ ಬೆಳಕಿನಲ್ಲಿ ಕೈಗೆಟುಕುವಷ್ಟು ಹತ್ತಿರ ಒದ್ದೆ ಕಲ್ಲಿನ ಗೋಡೆ ಹಿಂದೆ ಸರಿಯುತ್ತದೆ, ಕಿಟಕಿಯಿಂದ ಬರುವ ಗಾಳಿ ನೆಲಮಾಳಿಗೆಯ ಗಾಳಿಯ ಹಾಗೆ ತಣ್ಣಗಾಗುತ್ತದೆ. ಎರಡು ಮೂರು ನಿಮಿಷ ಹೀಗೆ. ಹೊರಬಿದ್ದ ಕೂಡಲೇ ನಿಲ್ದಾಣ, ಪೈನ್ ಮರ, ಬಿಸಿ ಚಹಾ. ಕಲಬುರಗಿ ಬಿಟ್ಟ ಮೇಲೆ ಮೊದಲ ಸಲ ಸ್ವೆಟರ್ ನೆನಪಾಗುವುದು ಇಲ್ಲೇ. ಈ ದಾರಿಯ ಸುರಂಗಗಳಿಗೆ ಜಾಗ ತೋರಿಸಿದ್ದು ಭಲ್ಕು ಎಂಬ ಅಲ್ಲಿಯದೇ ಊರಿನವರು ಎಂದು ಆ ಕಡೆಯ ಜನ ಹೇಳುತ್ತಾರೆ. ಅವರ ಹೆಸರಿನ ರೈಲ್ವೆ ಮ್ಯೂಸಿಯಂ ಶಿಮ್ಲಾದಲ್ಲಿದೆ.

ಗಾಡಿ ಬಿಡುವುದು ಸೀಟಿ ಹೊಡೆದ ಕೂಡಲೇ. ಒಬ್ಬರೇ ಇದ್ದೀರಿ, ಫೋಟೊ ತೆಗೆಯುತ್ತಾ ಪ್ಲಾಟ್‌ಫಾರಂ ತುದಿಗೆ ಹೋಗಬೇಡಿ. ಬಾಗಿಲಲ್ಲಿ ನೇತಾಡುವುದೂ ಬೇಡ, ಸುರಂಗದ ಗೋಡೆ ಬಹಳ ಹತ್ತಿರ. ಸಮ್ಮರ್ ಹಿಲ್ ಬಂತೆಂದರೆ ಶಿಮ್ಲಾ ಮುಂದಿನ ನಿಲ್ದಾಣ.

ಬೆಟ್ಟದಲ್ಲಿ ಫೋನ್ ಸಿಗ್ನಲ್ ಹೋಗಿ ಬರುತ್ತಿರುತ್ತದೆ. ಹತ್ತುವ ಮೊದಲೇ ಮನೆಗೆ "ಸಂಜೆ ತನಕ ಫೋನ್ ಹತ್ತದಿದ್ದರೂ ಗಾಬರಿ ಆಗಬೇಡಿ" ಎಂದು ಹೇಳಿಬಿಡಿ. ಅವ್ವನ ಹತ್ತು ಮಿಸ್ಡ್ ಕಾಲ್ ನೋಡುವ ಸಂಕಟ ತಪ್ಪುತ್ತದೆ.

8. ಶಿಮ್ಲಾದಲ್ಲಿ ಉಳಿಯುವುದು

ಮೊದಲ ರಾತ್ರಿಯ ಕೋಣೆ ಊರಿನಿಂದಲೇ ಬುಕ್ ಮಾಡಿ. ಮಾಡುವ ಮೊದಲು ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ. ಗಾಡಿ ಬಾಗಿಲ ತನಕ ಬರುತ್ತಾ, ಇಲ್ಲದಿದ್ದರೆ ಎಷ್ಟು ಮೆಟ್ಟಿಲು? ಬಿಸಿನೀರು ಯಾವಾಗ ಬರುತ್ತದೆ? ಚಳಿಗಾಲವಾದರೆ ಹೀಟರ್‌ಗೆ ಬೇರೆ ದುಡ್ಡಾ? ಒಬ್ಬರೇ ಬರುತ್ತಿದ್ದೇನೆ, ಕೋಣೆ ಕೊಡುತ್ತೀರಿ ತಾನೇ? ಮೆಟ್ಟಿಲಿನ ಪ್ರಶ್ನೆ ಬಹಳ ಮುಖ್ಯ. ಮಾಲ್ ರೋಡ್ ಮೇಲೆ ಸಾಮಾನ್ಯ ವಾಹನ ಬಿಡುವುದಿಲ್ಲ. "ಮಾಲ್ ರೋಡ್ ಹತ್ತಿರ" ಎಂದು ಬರೆದ ಹೋಟೆಲ್ ನಕಾಶೆಯಲ್ಲಿ ನೂರು ಮೀಟರ್ ಇರಬಹುದು. ಆ ನೂರು ಮೀಟರ್ ನೆಟ್ಟಗೆ ಮೇಲಕ್ಕೆ ಇರುತ್ತದೆ. ಕೆಳಗಿನ ಕಾರ್ಟ್ ರೋಡ್‌ನಿಂದ ಮಾಲ್‌ಗೆ ಹತ್ತಲು ದುಡ್ಡು ಕೊಟ್ಟು ಹೋಗುವ ಲಿಫ್ಟ್ ಇದೆ. ಬ್ಯಾಗ್ ಇದ್ದಾಗ ಅದನ್ನೇ ಬಳಸಿ.

ಮೊದಲ ದಿನ ನಿಧಾನವಾಗಿ ನಡೆಯಿರಿ. ಶಿಮ್ಲಾದ ಎತ್ತರಕ್ಕೆ ತಲೆಸುತ್ತು ಬರುವುದು ಅಪರೂಪ, ಆದರೆ ಬಯಲುಸೀಮೆಯ ಉಸಿರಿಗೆ ಏರು ಹೊಸದು. ರಿಜ್ ಮೈದಾನ, ಅಲ್ಲಿನ ಹಳೆಯ ಕ್ರೈಸ್ಟ್ ಚರ್ಚ್ ಸಂಜೆಗೆ ಸಾಕು. ಮರುದಿನ ಅಬ್ಸರ್ವೇಟರಿ ಹಿಲ್ ಮೇಲಿನ ಹಳೆಯ ವೈಸ್‌ರಾಯ್ ಬಂಗಲೆ ನೋಡಿ. 1945ರ ಶಿಮ್ಲಾ ಸಮ್ಮೇಳನ ನಡೆದ ಜಾಗ, ಈಗ ಉನ್ನತ ಅಧ್ಯಯನ ಸಂಸ್ಥೆ ಇದೆ. ಜಾಖೂ ಬೆಟ್ಟದ ಹನುಮಂತನ ಗುಡಿಗೆ ಹೋಗುವಾಗ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಳ್ಳಿ. ಅಲ್ಲಿಯ ಮಂಗಗಳು ಮೊದಲು ಕೈ ಹಾಕುವುದು ಕನ್ನಡಕಕ್ಕೇ. ಕೈಯಲ್ಲಿ ಪ್ರಸಾದದ ಚೀಲವೂ ಕಾಣಬಾರದು.

ಒಂದು ದಿನ ಏನೂ ಯೋಜನೆ ಇಲ್ಲದೆ ಬಿಟ್ಟುಬಿಡಿ. ದೇವದಾರು ಮರಗಳ ನಡುವೆ ಸುಮ್ನೆ ನಡೆಯುವುದು, ಬೇಕೆಂದಲ್ಲಿ ಕೂರುವುದು, ಯಾರಿಗೂ ಕಾಯದೆ ಇರುವುದು, ಒಬ್ಬರೇ ಹೋದವರಿಗೆ ಮಾತ್ರ ಸಿಗುವ ಸುಖ ಇದು. ಕತ್ತಲಾದ ಮೇಲೆ ಮಾತ್ರ ಕಾಡಿನ ಕಾಲುದಾರಿ ಬಿಟ್ಟು ಜನ ಇರುವ ರಸ್ತೆಗೆ ಬನ್ನಿ.

9. ವಿಮಾನದಲ್ಲಿ ವಾಪಸ್

ಶಿಮ್ಲಾಕ್ಕೂ ಒಂದು ವಿಮಾನ ನಿಲ್ದಾಣ ಇದೆ, ಜುಬ್ಬರ್‌ಹಟ್ಟಿಯಲ್ಲಿ. ಬೆಟ್ಟದ ತಲೆ ಕಡಿದು ಮಾಡಿದ ಚಿಕ್ಕ ಓಡುದಾರಿ, ಚಿಕ್ಕ ವಿಮಾನ. ಅದನ್ನು ನಂಬಬೇಡಿ. ಕಲಬುರಗಿಯಲ್ಲೂ 2019ರ ನವೆಂಬರ್‌ನಿಂದ ವಿಮಾನ ನಿಲ್ದಾಣ ಇದೆ, ಬೀದರ್‌ನಲ್ಲಿ 2020ರಿಂದ ಇದೆ. ಆದರೆ ಎರಡೂ ಕಡೆ ವಿಮಾನ ಶುರುವಾಗುವುದು, ನಿಲ್ಲುವುದು ನಡೆದೇ ಇದೆ. ಹಾಗಾಗಿ ಲೆಕ್ಕವನ್ನು ಹೈದರಾಬಾದ್‌ನ ಶಂಶಾಬಾದ್ ಮೇಲೆ ಹಾಕಿ. ನೀವು ಹೋಗುವ ವಾರ ನಮ್ಮೂರಿಗೇ ವಿಮಾನ ಇದ್ದರೆ ಒಳ್ಳೆಯದೇ ಆಯಿತು.

ಏಳನೇ ದಿನ ಬೆಳಗ್ಗೆ ಶಿಮ್ಲಾದಿಂದ ಬಸ್ಸು ಅಥವಾ ಟ್ಯಾಕ್ಸಿಯಲ್ಲಿ ಚಂಡೀಗಢಕ್ಕೆ ಇಳಿಯಿರಿ. ಸುಮಾರು 115 ಕಿ.ಮೀ., ನಾಲ್ಕು ಗಂಟೆ. ತಿರುವುಗಳು ಜಾಸ್ತಿ, ಹೊಟ್ಟೆ ತುಂಬ ತಿಂದು ಹತ್ತಬೇಡಿ. ಮುಂದಿನ ಸಾಲಿನಲ್ಲಿ ಕೂತು ದೂರಕ್ಕೆ ನೋಡಿದರೆ ವಾಂತಿ ಬರುವುದು ಕಡಿಮೆ. "ಅದೇ ದಿನ ವಿಮಾನ ಹಿಡಿಯಬಹುದಲ್ವಾ?" ಬೇಡ. ಬೆಟ್ಟದ ರಸ್ತೆಯಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಎರಡು ಗಂಟೆ ಹೋಯಿತು. ರಾತ್ರಿ ಚಂಡೀಗಢದಲ್ಲಿ ಮಲಗಿ, ಮರುದಿನ ಹತ್ತು ಗಂಟೆಯ ಮೇಲಿನ ವಿಮಾನ ಹಿಡಿಯಿರಿ. ಚಳಿಗಾಲದಲ್ಲಿ ಬೆಳಗಿನ ವಿಮಾನಗಳಿಗೇ ಮಂಜಿನ ಕಾಟ ಹೆಚ್ಚು.

ಹೈದರಾಬಾದ್‌ಗೆ ನೇರ ವಿಮಾನವನ್ನೇ ಆರಿಸಿ. ನಡುವೆ ಬದಲಿಸಬೇಕಾದರೆ ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿರಲಿ. ಆಗ ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದರೆ ಮುಂದಿನ ದಾರಿ ನೋಡುವುದು ಕಂಪನಿಯ ಕೆಲಸ. ಬೇರೆ ಬೇರೆ ಟಿಕೆಟ್ ಆದರೆ ನಷ್ಟ ನಿಮ್ಮದು.

ಮೊದಲ ಸಲ ಹತ್ತುವವರಿಗೆ ಕ್ರಮ ಹೀಗೆ. ಹಿಂದಿನ ದಿನ ಫೋನ್‌ನಲ್ಲಿ ವೆಬ್ ಚೆಕ್-ಇನ್ ಮಾಡಿ. ಬರುತ್ತಿದ್ದೇನೆ ಎಂದು ಹೇಳಿ ಸೀಟು ಹಿಡಿಯುವುದು ಅಷ್ಟೇ. ದುಡ್ಡಿನ ಸೀಟು ಬೇಡವಾದರೆ ಆ ಪುಟ ದಾಟಿಸಿ ಮುಂದೆ ಹೋಗಿ. ಬೋರ್ಡಿಂಗ್ ಪಾಸ್ ಬರುತ್ತದೆ, ಅದೇ ಒಳಗೆ ಹೋಗುವ ಚೀಟಿ. ಎರಡು ಗಂಟೆ ಮೊದಲು ನಿಲ್ದಾಣ ಮುಟ್ಟಿ. ಬಾಗಿಲಲ್ಲಿ ಟಿಕೆಟ್ ಮತ್ತು ಗುರುತಿನ ಚೀಟಿ ತೋರಿಸಿ, ದೊಡ್ಡ ಬ್ಯಾಗನ್ನು ಕೌಂಟರ್‌ನಲ್ಲಿ ಕೊಡಿ. ಈ ಕೌಂಟರ್ ಸಾಮಾನ್ಯವಾಗಿ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಆಮೇಲೆ ಭದ್ರತಾ ತಪಾಸಣೆ, ಆಮೇಲೆ ಗೇಟ್. ಗೇಟ್ ನಂಬರ್ ಕೊನೆಯ ಹೊತ್ತಿನಲ್ಲಿ ಬದಲಾಗಬಹುದು, ಪರದೆ ನೋಡುತ್ತಿರಿ.

ಅಗ್ಗದ ಟಿಕೆಟ್‌ಗಳಲ್ಲಿ ಹೆಚ್ಚಾಗಿ ದೊಡ್ಡ ಬ್ಯಾಗಿಗೆ 15 ಕೆ.ಜಿ., ಕೈಚೀಲಕ್ಕೆ 7 ಕೆ.ಜಿ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ದೊಡ್ಡ ಬ್ಯಾಗಿನಲ್ಲಿ ಇಟ್ಟರೆ ತೆಗೆಸುತ್ತಾರೆ. ಲೈಟರ್, ಬೆಂಕಿಪೆಟ್ಟಿಗೆ ಎರಡರಲ್ಲೂ ಬೇಡ. ಖಾರದ ಉಪ್ಪಿನಕಾಯಿ, ಉಳಿದ ಹಿಂಡಿ ದೊಡ್ಡ ಬ್ಯಾಗಿಗೆ ಹಾಕಿ. ರೈಲಿಗೆ ತಂದ ಸರಪಳಿಯೂ ಅದರಲ್ಲೇ ಇರಲಿ. ಶಿಮ್ಲಾದ ಲಕ್ಕಡ್ ಬಜಾರಿನಲ್ಲಿ ಅಪ್ಪನಿಗೆಂದು ಕೆತ್ತನೆಯ ಊರುಗೋಲು ಕೊಂಡಿದ್ದರೆ ಅದನ್ನೂ ಕೌಂಟರ್‌ನಲ್ಲೇ ಕೊಡಿ, ಕೈಯಲ್ಲಿ ಬಿಡುವುದಿಲ್ಲ.

10. ಶಂಶಾಬಾದ್‌ನಿಂದ ಮನೆಗೆ

ವಿಮಾನ ಮಧ್ಯಾಹ್ನ ಮೂರರೊಳಗೆ ಇಳಿಯುವ ಹಾಗೆ ನೋಡಿಕೊಂಡರೆ ಅದೇ ರಾತ್ರಿ ಊರು ಮುಟ್ಟಬಹುದು. ಶಂಶಾಬಾದ್ ಊರ ಹೊರಗಿದೆ. ಅಲ್ಲಿಂದ ಪುಷ್ಪಕ್ ಎಂಬ ವಿಮಾನ ನಿಲ್ದಾಣದ ಬಸ್ಸುಗಳು ನಗರದ ಬೇರೆ ಬೇರೆ ಕಡೆ ಹೋಗುತ್ತವೆ. ನಮ್ಮ ಮೂರೂ ಜಿಲ್ಲೆಗಳ ಬಸ್ಸಿಗೆ ಮಹಾತ್ಮ ಗಾಂಧಿ ಬಸ್ ನಿಲ್ದಾಣಕ್ಕೆ ಹೋಗಬೇಕು, ಜನ ಅದನ್ನು ಇಮ್ಲಿಬನ್ ಅನ್ನುತ್ತಾರೆ. ರೈಲಾದರೆ ಹತ್ತುವ ನಿಲ್ದಾಣ ನಾಂಪಲ್ಲಿಯೋ ಸಿಕಂದರಾಬಾದೋ ಟಿಕೆಟ್‌ನಲ್ಲಿ ನೋಡಿ, ಎರಡರ ನಡುವೆ ಸಂಜೆಯ ಟ್ರಾಫಿಕ್ ಇದೆ. ಈ ಕೊನೆಯ ಕೊಂಡಿಗೂ ಮೂರು ಗಂಟೆ ಬಿಡಿ.

ಬೀದರ್‌ನವರಿಗೆ ಬಸ್ಸೇ ಸಲೀಸು. ಕಲಬುರಗಿ, ಯಾದಗಿರಿಯವರು ವಿಮಾನ ತಡವಾದರೆ ಬೇರೆ ಹೊತ್ತಿನ ಬಸ್ಸು ಸಿಗುತ್ತದೆ ಎಂಬ ಕಾರಣಕ್ಕೆ ರೈಲಿನ ಟಿಕೆಟ್ ಮೊದಲೇ ಮಾಡಿಸದೆ ಇರುವುದು ಲೇಸು. ಬಸ್ಸಿನಲ್ಲಿ ಕೂತ ಮೇಲೆ ಮನೆಗೆ ಬಸ್ ನಂಬರ್ ಕಳಿಸಿ, ಎಷ್ಟು ಹೊತ್ತಿಗೆ ಸ್ಟ್ಯಾಂಡಿಗೆ ಬರಬೇಕು ಎಂದು ಹೇಳಿ.